ಸೊಸೆಯ ಸೊಂಟನೋವಿಗೆ ಅತ್ತೆ ಹೇಳಿದ ಅಳತೆ

ನಿಟ್ಟುವಳ್ಳಿಯಲ್ಲಿ ಹಾಲು ಮಾರುವ ನಾಗಕ್ಕನ ಬಾಯಿಗೆ ಹೆದರದವರಿರಲಿಲ್ಲ. ಹಾಲಿಗೆ ನೀರು ಬೆರೆಸಿದ್ದೀಯಾ ಎಂದು ಅಪ್ಪಿತಪ್ಪಿ ಕೇಳಿದವರು ಮಾರನೆಯ ದಿನದಿಂದ ಬೇರೆ ಬೀದಿ ಸುತ್ತಿಕೊಂಡು ಹೋಗುತ್ತಿದ್ದರು. ಅಂಥ ಬಾಯಿ ಸೊಸೆ ನೀಲಕ್ಕನ ವಿಷಯಕ್ಕೆ ಬಂದರೆ ಮಾತ್ರ ಬೆಣ್ಣೆ. ಮಗ ಉಚ್ಚೆಂಗಪ್ಪ ಮಿಲ್ಲಿನಲ್ಲಿ ಪಾಳಿ ಮುಗಿಸಿ ಬಂದು ಬಿದ್ದುಕೊಂಡರೆ ಕೂಗಿದರೂ ಏಳುವ ಪೈಕಿಯಲ್ಲ. ಮನೆಯಲ್ಲಿ ನಾಗಕ್ಕನಿಗೆ ಜೊತೆ ಅಂತ ಇದ್ದವಳು ಆ ಹುಡುಗಿ ಒಬ್ಬಳೇ.

ಎಂಬತ್ಮೂರನೇ ಇಸವಿಯ ಬೇಸಿಗೆಯಲ್ಲಿ ಎಮ್ಮೆಗೆಂದು ತಂದ ಹುಲ್ಲಿನ ಹೊರೆ ಇಳಿಸುವಾಗ ನೀಲಕ್ಕನ ಸೊಂಟ ಹಿಡಿದುಕೊಂಡಿತು. ನಾಲ್ಕು ದಿನ ಮಲಗಿದರೆ ಹೋಗುತ್ತದೆ ಎಂದುಕೊಂಡರು. ದೀಪಾವಳಿ ಕಳೆದರೂ ಹೋಗಲಿಲ್ಲ. ಅಷ್ಟರಲ್ಲಿ ಅವಳ ಕೆಲಸವೆಲ್ಲ ಒಂದೊಂದಾಗಿ ನಾಗಕ್ಕನ ಕೈಗೆ ಬಂದಿತ್ತು. ಸಗಣಿ ಬಾಚುವುದು, ನಲ್ಲಿ ನೀರು ತರುವುದು, ರೊಟ್ಟಿ ಬಡಿಯುವುದು ಎಲ್ಲ ಅವಳದೇ. ಬೀದಿ ಏಳುವ ಮೊದಲೇ ಹೊರಗಿನ ಕೆಲಸ ಮುಗಿಸಿ ಬಾಗಿಲು ಮುಂದೆ ಮಾಡಿಬಿಡುತ್ತಿದ್ದಳು. ನಾಗಕ್ಕನ ಸೊಸೆ ಕೂತು ಉಣ್ಣುತ್ತಾಳೆ ಅನ್ನುವ ಮಾತು ಯಾರ ಬಾಯಲ್ಲೂ ಬರಬಾರದು, ಅಷ್ಟೇ. ನೀಲಕ್ಕನಿಗೆ ಸ್ನಾನ ಮಾಡಿಸಿ, ಬಗ್ಗಲಾಗದವಳ ಸೀರೆಯ ನೆರಿಗೆ ಹಿಡಿದು ಕೊಡುತ್ತಿದ್ದವಳೂ ಅವಳೇ. ಇದು ಉಚ್ಚೆಂಗಪ್ಪನಿಗೂ ಪೂರ್ತಿ ಗೊತ್ತಿರಲಿಲ್ಲ.

ಕೊನೆಗೆ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಹೋದರು. ಸುದ್ದಿ ತಿಳಿದು ಹರಿಹರದಿಂದ ನೀಲಕ್ಕನ ಅಣ್ಣ ಕೆಂಚವೀರಪ್ಪನೂ ಫ್ಯಾಕ್ಟರಿಗೆ ರಜೆ ಹಾಕಿ ಬಂದಿದ್ದ. ಅಲ್ಲಿ ಕುತುಬುದ್ದೀನ್ ಎಂಬ ಎಳೇ ಡಾಕ್ಟರು ಕೈಯಲ್ಲಿ ಒಂದಿಷ್ಟು ಪ್ರಶ್ನೆ ಬರೆದ ಹಾಳೆ ಹಿಡಿದುಕೊಂಡು ಕೂತಿದ್ದರು. ಪರದೇಶದ ಡಾಕ್ಟರುಗಳು ಮಾಡಿದ್ದನ್ನು ತಾವೇ ಕನ್ನಡಕ್ಕೆ ತಂದಿದ್ದರಂತೆ. ಜ್ವರ ಅಳೆಯಲು ಕಡ್ಡಿ ಇದೆ, ಸೊಂಟನೋವಿಗೆ ಅಂಥ ಕಡ್ಡಿ ಇಲ್ಲ. ಆ ನೋವು ಮನುಷ್ಯನಿಂದ ಏನೇನು ಕಿತ್ತುಕೊಂಡಿದೆ ಎಂದು ಕೇಳಿಯೇ ಅಳೆಯಬೇಕು, ಅಳತೆ ಜಾಸ್ತಿ ಬಂದವರನ್ನು ದಾಖಲು ಮಾಡಿಕೊಂಡು ದೊಡ್ಡ ಡಾಕ್ಟರಿಗೆ ತೋರಿಸುತ್ತೇವೆ ಎಂದು ಬಿಡಿಸಿ ಹೇಳಿದರು. ಕುರ್ಚಿಯ ಮೇಲೆ ಎಷ್ಟು ಹೊತ್ತು ಕೂರುತ್ತೀರಿ ಎಂಬುದು ಮೊದಲ ಪ್ರಶ್ನೆ. ಮನೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ ಹಾಸಿಗೆಯ ಗಂಟು ಕೂತಿತ್ತು. ಗಂಡಹೆಂಡತಿಯ ಒಂದು ಪ್ರಶ್ನೆ ಬಂದಾಗ ಡಾಕ್ಟರೇ ಕೆಮ್ಮಿ ಮುಂದಕ್ಕೆ ಹೋದರು.

ನೀಲಕ್ಕ ಪ್ರತಿ ಪ್ರಶ್ನೆಗೂ ಅತ್ತೆಯ ಮುಖ ನೋಡುತ್ತಿದ್ದಳು. ನಾಗಕ್ಕ ಕೆಂಚವೀರಪ್ಪನ ಮುಖ ನೋಡುತ್ತಿದ್ದಳು. ಸೊಸೆಯ ಕೈಲಿ ಏನೂ ಆಗುವುದಿಲ್ಲ ಎಂದು ತವರಿನವರೆದುರು ಬಾಯಿಬಿಟ್ಟ ಅತ್ತೆ ಮುಂದೆ ಯಾವ ಮಾತಿಗೆ ಬರುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ತನ್ನ ಓರಗಿತ್ತಿಯನ್ನು ಹಾಗೆಯೇ ತವರಿಗೆ ಅಟ್ಟಿದ್ದರು. ತಾನು ಅಂಥ ಅತ್ತೆಯಲ್ಲ ಎಂದು ಈ ಹುಡುಗನಿಗೆ ಗೊತ್ತಾಗಬೇಡವೇ?

"ನೀರು ತರಕ್ಕೆ ಆಗ್ತೈತಾ?" ಡಾಕ್ಟರು ಕೇಳಿದರು.

"ತರ್ತಾಳ್ರೀ. ನೀರು, ಸಗಣಿ, ರೊಟ್ಟಿ, ಎಲ್ಲಾ ಇವಳದೇ. ನಮ್ಮ ಸೊಸೆ ಕೆಲಸಕ್ಕೆ ಬೆನ್ನು ತಿರುಗಿಸಿದಾಕಿ ಅಲ್ಲ."

ಡಾಕ್ಟರು ಹೌದಾ ಎಂದು ನೀಲಕ್ಕನನ್ನೇ ಕೇಳಿದರು. ಅವಳು ತಲೆ ತಗ್ಗಿಸಿಕೊಂಡು ಹೌದು ಅಂದಳು. ಅತ್ತೆಯ ಮಾತನ್ನು ಅಣ್ಣನ ಮುಂದೆ ತೆಗೆದುಹಾಕುವಷ್ಟು ಧೈರ್ಯ ಅವಳಿಗೆಲ್ಲಿಂದ ಬರಬೇಕು? ಅಳತೆ ಕಡಿಮೆ ಬಂತು. ಗಾಬರಿಯಾಗುವಂಥದ್ದೇನಿಲ್ಲ ಎಂದು ಮಾತ್ರೆ ಬರೆದು ಕಳಿಸಿದರು. ಕೆಂಚವೀರಪ್ಪ ತಂಗಿಯ ಬಗ್ಗೆ ಹೆಮ್ಮೆಪಡುತ್ತ ಬಸ್ಸು ಹತ್ತಿದ. ನಾಗಕ್ಕನಿಗೂ ಆ ಹೊತ್ತಿಗೆ ಒಳ್ಳೆಯ ಕೆಲಸ ಮಾಡಿದೆನೆಂದೇ ಅನಿಸಿತ್ತು.

ಅದೇ ವಾರ ಒಂದು ಬೆಳಗ್ಗೆ ನಾಗಕ್ಕ ಹಾಲು ಕೊಟ್ಟು ಬರುವಾಗ ನಲ್ಲಿಯ ಹತ್ತಿರ ಜನ ಸೇರಿದ್ದರು. ನೀಲಕ್ಕ ನೀರಿನಲ್ಲಿ ಬಿದ್ದಿದ್ದಳು. ಪಕ್ಕದಲ್ಲಿ ತುಂಬಿದ ಕೊಡ ಉರುಳಿತ್ತು. ಮನೆಯ ಹಂಡೆಯನ್ನು ನಾಗಕ್ಕ ಆಗಲೇ ತುಂಬಿಸಿಟ್ಟು ಹೋಗಿದ್ದಳು. ಯಾಕ ಬಂದೆಯೇ ಎಂದು ಎಷ್ಟು ಕೇಳಿದರೂ ಹುಡುಗಿ ಬಾಯಿ ಬಿಡಲಿಲ್ಲ. ಅವತ್ತಿನಿಂದ ಎಡಪಾದ ಮೇಲೇಳದಾಯಿತು. ನಡೆದರೆ ಬೆರಳು ನೆಲಕ್ಕೆ ತಗುಲುತ್ತಿತ್ತು, ಚಪ್ಪಲಿ ಕಾಲಿನಲ್ಲಿ ನಿಲ್ಲುತ್ತಿರಲಿಲ್ಲ.

ಕೆಂಚವೀರಪ್ಪ ಬಂದವನೇ ತಂಗಿಯನ್ನು ಹರಿಹರಕ್ಕೆ ಕರೆದೊಯ್ದ. ಅವತ್ತು ನಿಜ ಹೇಳಿದ್ದರೆ ಹುಡುಗಿ ಆಸ್ಪತ್ರೆಯ ಮಂಚದ ಮೇಲೆ ಇರುತ್ತಿದ್ದಳು, ನಲ್ಲಿಯ ಹತ್ತಿರ ಬೀಳುತ್ತಿರಲಿಲ್ಲ. ನಾಗಕ್ಕನಿಗೆ ಎಮ್ಮೆ ಹಿಂಡುವಾಗಲೂ ಅದೇ ಯೋಚನೆ, ಮಗನಿಗೆ ಬಡಿಸುವಾಗಲೂ ಅದೇ. ತಡೆಯಲಾರದೆ ಒಂದು ತಂಬಿಗೆ ತುಪ್ಪ ಹಿಡಿದುಕೊಂಡು ತಾನೂ ಹರಿಹರದ ಬಸ್ಸು ಹತ್ತಿದಳು.

ಅಲ್ಲಿ ತುಪ್ಪದ ತಂಬಿಗೆಯನ್ನು ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ. ಮಾರನೆಯ ದಿನ ಮಲೆಬೆನ್ನೂರಿನ ಕಡೆ ಸೊಂಟ ತುಳಿದು ಸರಿಮಾಡುವವನೊಬ್ಬನ ಹತ್ತಿರ ಹೋಗುವುದೆಂದು ತೀರ್ಮಾನವಾಗಿತ್ತು. ಡಾಕ್ಟರೇ ಏನಿಲ್ಲ ಎಂದ ಮೇಲೆ ಆಸ್ಪತ್ರೆಗೆ ಯಾಕೆ ಹೋಗಬೇಕು ಎಂಬುದು ಅವರ ವಾದ. ಕೆಂಚವೀರಪ್ಪ ಕೂಗಾಡಲಿಲ್ಲ. ಮೆತ್ತಗೇ ಕೇಳಿದ.

"ನೀರು, ಸಗಣಿ, ರೊಟ್ಟಿ ಎಲ್ಲ ಇವಳದೇ ಅಂತ ನೀವೇ ಹೇಳಿದ್ರಲ್ಲಮ್ಮ. ಸೊಂಟ ಬಿದ್ದಾಕಿ ಕೈಲಿ ಅಷ್ಟೆಲ್ಲ ಮಾಡಿಸಿದ್ರಾ?"

ತನ್ನ ಹೊಗಳಿಕೆ ಹೀಗೂ ಕೇಳಿಸುತ್ತದೆ ಎಂದು ನಾಗಕ್ಕನಿಗೆ ಹೊಳೆದೇ ಇರಲಿಲ್ಲ. ಅವಳೇನೂ ಮಾಡುತ್ತಿರಲಿಲ್ಲಪ್ಪ, ನಾನೇ ಮಾಡುತ್ತಿದ್ದೆ ಎಂದುಬಿಟ್ಟರೆ ತಾನು ಬಚಾವು. ಆದರೆ ಕಾಲು ಹೋದ ಹುಡುಗಿಯನ್ನು ಅವಳ ತವರಿನಲ್ಲೇ ಕೂತು ದೂರಿದಂತಾಗುತ್ತದೆ. ಬಾಯಿಗೆ ಹೆಸರಾದ ನಾಗಕ್ಕ ಆ ಮಾತನ್ನು ಹಾಗೇ ಹೊತ್ತುಕೊಂಡಳು. ಆದರೆ ಆ ಸೊಂಟವನ್ನು ಯಾರೋ ತುಳಿಯುವುದು ಮಾತ್ರ ಅವಳಿಂದ ನೋಡಲಾಗುವಂಥದ್ದಲ್ಲ.

"ಡಾಕ್ಟರು ಏನಿಲ್ಲ ಅಂದಿದ್ದು ನನ್ನ ಮಾತು ಕೇಳಿ," ಅಂದಳು. "ನಾನು ಹೇಳಿದ್ದು ನಿಜ ಅಲ್ಲ. ತುಳಿಸೋದು ಬ್ಯಾಡ. ನಾಳೆ ಆಸ್ಪತ್ರೆಗೇ ಹೋಗಾಣ, ನಾ ಹೇಳ್ತೀನಿ."

ಮಾರನೆಯ ದಿನ ಕುತುಬುದ್ದೀನ್ ಡಾಕ್ಟರು ಪಾದವನ್ನು ಮುಟ್ಟಿ ನೋಡಿದವರೇ ಮುಖ ಬಿಗಿದುಕೊಂಡು ಮತ್ತೆ ಅವೇ ಪ್ರಶ್ನೆ ತೆಗೆದರು. ಕೆಂಚವೀರಪ್ಪ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ. ಈ ಸಲ ನಾಗಕ್ಕ ಯಾರ ಮುಖವನ್ನೂ ನೋಡಲಿಲ್ಲ. ಇವಳಿಗೆ ಕೂರಲಾಗುವುದಿಲ್ಲ, ಬಗ್ಗಲಾಗುವುದಿಲ್ಲ, ಒಲೆಯ ಮುಂದೆ ಒಂದು ರೊಟ್ಟಿ ಬೇಯುವಷ್ಟು ಹೊತ್ತೂ ಇರಲಾಗುವುದಿಲ್ಲ ಎಂದು ಹೇಳುತ್ತ ಹೋದಳು. ಸೀರೆ ಉಡಿಸುವವಳು ತಾನು, ಬಯಲಕಡೆಗೆ ಕೈ ಹಿಡಿದು ಕರೆದೊಯ್ಯುವವಳು ತಾನು, ಕಾಲು ಜುಮ್ಮೆನ್ನುತ್ತದೆಂದು ಆರು ತಿಂಗಳಿಂದ ತಿಕ್ಕುತ್ತಿರುವವಳೂ ತಾನೇ. ಯಾವುದಾದರೂ ಗಯ್ಯಾಳಿ ಅತ್ತೆ ಪಂಚಾಯ್ತಿಕಟ್ಟೆಯಲ್ಲಿ ಸೊಸೆಯನ್ನು ದೂರಿದರೆ ಹೀಗೆಯೇ ಕೇಳಿಸುತ್ತದೆ. ಅದು ಗೊತ್ತಿದ್ದೂ ಹೇಳಿದಳು. ಕೆಂಚವೀರಪ್ಪ ಗೋಡೆ ಬಿಟ್ಟು ನೆಟ್ಟಗೆ ನಿಂತ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿ, ಕಾಲು ಜುಮ್ಮೆನ್ನುವುದನ್ನು ಆಗಲೇ ಹೇಳಬಾರದಿತ್ತೇ ಎಂದು ಕೇಳಿದರು. ಇವತ್ತೇ ದಾಖಲು ಮಾಡಿಕೊಳ್ಳುತ್ತೇವೆ, ಆಪರೇಷನ್ ಆಗಬೇಕಾಗಬಹುದು, ನೋವು ಹೋದರೂ ಪಾದ ಮೊದಲಿನಂತಾಗುತ್ತದೆಂದು ಮಾತು ಕೊಡಲಾಗದು ಎಂದರು. ಆಮೇಲೆ ನೀಲಕ್ಕನ ಕಡೆ ತಿರುಗಿ, ಇಂಥ ಸೊಂಟ ಇಟ್ಟುಕೊಂಡು ಕೊಡ ಎತ್ತಲು ಯಾಕೆ ಹೋದಿರಿ ಎಂದು ಕೇಳಿದರು.

ನೀಲಕ್ಕ ಅತ್ತೆಯ ಕಡೆ ತಿರುಗಿದಳು. ಡಾಕ್ಟರಿಗಲ್ಲ, ಅವಳಿಗೇ ಹೇಳಿದಳು.

"ನಮ್ಮಣ್ಣನ ಮುಂದೆ ನನ್ನ ಮರ್ಯಾದಿ ಉಳಿಸಿದ್ರಿ. ನಿಮ್ಮ ಮಾತು ಸುಳ್ಳಾಗಬಾರದು ಅಂತ ಎತ್ತಿದೆ ಅತ್ತೆಮ್ಮ. ಒಂದು ಕೊಡನಾದ್ರೂ ತರಾಣ ಅಂತ."

ಇಷ್ಟು ದಿನ ಆಸ್ಪತ್ರೆಯ ಒಂದು ಮಂಚ ತಪ್ಪಿಸಿದೆನೆಂದು ನಾಗಕ್ಕ ಕೊರಗುತ್ತಿದ್ದಳು. ಈಗ ನೋಡಿದರೆ ಆ ಕೊಡವನ್ನು ಹುಡುಗಿಯ ಸೊಂಟಕ್ಕೆ ಏರಿಸಿದವಳೂ ತಾನೇ.

ರೋಗಿಯ ಜೊತೆ ಯಾರು ಉಳಿಯುತ್ತೀರಿ ಎಂದು ಡಾಕ್ಟರು ಕೇಳಿದರು. ಹರಿಹರದಿಂದ ಅಮ್ಮನನ್ನು ಕರೆಸುತ್ತೇನೆ ಎಂದು ಕೆಂಚವೀರಪ್ಪ ಮುಂದೆ ಬಂದ. ನೀಲಕ್ಕ ಬ್ಯಾಡ ಅಂದಳು.

"ಅತ್ತೆಮ್ಮನೇ ಇರಲಿ," ಅಂದಳು. "ನನಗೆ ಏನೇನು ಆಗಲ್ಲ ಅಂತ ಅವರಿಗೇ ಗೊತ್ತಿರೋದು."

ಅದರಲ್ಲಿ ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ನಾಗಕ್ಕ ತಲೆಯಾಡಿಸಿ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು. ಆ ಹುಡುಗಿ ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು.