ಅತ್ತೆ ಬಿಚ್ಚಿದ ಗಂಟು

ನಮ್ಮದು ಪಾರ್ಸಲ್ ಕಟ್ಟುವ ಅಂಗಡಿ. ಮಾವ ಹಾಕಿದ ಗಂಟು ಎಷ್ಟು ದೂರ ಹೋದರೂ ಸಡಿಲವಾಗುವುದಿಲ್ಲ ಎಂಬುದು ಮನೆಯ ದೊಡ್ಡ ಹೆಮ್ಮೆ. ಬಂದ ಪೆಟ್ಟಿಗೆಗಳ ಹಗ್ಗವನ್ನು ಕತ್ತರಿಸದೆ ಬಿಚ್ಚಿ, ಸುತ್ತಿ, ಮತ್ತೆ ಬಳಕೆಗೆ ಎತ್ತಿಡುವವರು ಅತ್ತೆ. ಕಟ್ಟುವವರನ್ನು ಎಲ್ಲರೂ ಹೊಗಳುತ್ತಾರೆ, ಬಿಚ್ಚುವವರನ್ನು ಯಾರು ಕೇಳುತ್ತಾರೆ? ಹಾಗಂತ ಅತ್ತೆ ಬಾಯಿ ಮುಚ್ಚಿಕೊಂಡು ಕೂರುವವರಲ್ಲ. ಮದುವೆಗೆ ಮುಂಚೆ ತವರಿನ ಕೆರೆಯನ್ನು ಈ ದಡದಿಂದ ಆ ದಡಕ್ಕೆ ಈಜುತ್ತಿದ್ದೆ ಎಂದು ಆಗಾಗ ಹೇಳುತ್ತಿದ್ದರು. ಮಾವ "ಶುರುವಾಯ್ತು ಬುರುಡೆ" ಎನ್ನುತ್ತಿದ್ದರು, ನನ್ನ ಗಂಡ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಸಲ ಅಂಗಡಿಗೆ ಬೀಗ ಹಾಕಿ ನಾಲ್ವರೂ ಒಂದು ದ್ವೀಪದ ಹಳ್ಳಿಗೆ ಹೋದೆವು. ದೋಣಿಯವನ ಮನೆಯ ಹಿಂದಿನ ಕೋಣೆ ನಮ್ಮದು. ಕಿಟಕಿ ತೆಗೆದರೆ ಸಮುದ್ರ, ಮರಳಿನ ಮೇಲೆ ಬಿಳಿ ಹಕ್ಕಿಗಳ ಹಿಂಡು, ವಾಹನದ ಸುಳಿವೇ ಇಲ್ಲ. ಮಾವನಿಗೆ ಆ ಮೌನ ಒಗ್ಗಲಿಲ್ಲ. ಸುಮ್ಮನೆ ಕೂರಲಾರದೆ ಅಂಗಳದ ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದರು.

ಮರುದಿನ ದೋಣಿಯವ ಸಾಮಾನು ತರಲು ಪಕ್ಕದ ಮನೆಯವರ ದೋಣಿಯಲ್ಲಿ ಆಚೆ ದಡಕ್ಕೆ ಹೊರಟ. ತನ್ನ ಹೊಟ್ಟೆಪಾಡಿಗಿದ್ದ ಒಂದೇ ಒಂದು ದೋಣಿಯನ್ನು ನಮ್ಮನ್ನು ನಂಬಿ ಬಿಟ್ಟುಹೋದ. ನಾವು ಅದರಲ್ಲಿ ದಡದ ಅಂಚಿನಲ್ಲೇ ಸುತ್ತಾಡಿ ಹಕ್ಕಿಗಳನ್ನು ನೋಡಿ ಬಂದಾಗ ನೀರು ಇಳಿದಿತ್ತು. ಮೊಣಕಾಲುದ್ದದ ನೀರಲ್ಲಿ ನಿಂತು ಮಾವ ದೋಣಿಯನ್ನು ಕಂಬಕ್ಕೆ ಕಟ್ಟಿದರು. ಕಟ್ಟಿದ್ದು ನಮ್ಮ ಅಂಗಡಿಯ ಪದ್ಧತಿಯಲ್ಲೇ: ಹಗ್ಗ ಗಿಡ್ಡ, ಗಂಟು ಕಂಬದ ಬುಡದಲ್ಲಿ, ಒಂದಿಷ್ಟೂ ಸಡಿಲ ಬಿಡದೆ. ಪಾರ್ಸಲ್ ಅಲುಗಾಡಬಾರದಲ್ಲ.

ಊಟ ಮುಗಿಸಿ ಎಲ್ಲರೂ ಒಂದು ನಿದ್ದೆ ತೆಗೆದೆವು. ಎದ್ದು ಹೊರಗೆ ಬಂದು ನೋಡಿದರೆ, ಸಮುದ್ರ ಉಕ್ಕಿ ಬಂದಿತ್ತು. ನೀರು ದೋಣಿಯನ್ನು ಮೇಲೆತ್ತುತ್ತಿದೆ, ಮಾವನ ಗಂಟು ಅದರ ಮೂತಿಯನ್ನು ಕೆಳಗೆ ಜಗ್ಗಿ ಹಿಡಿದಿದೆ. ಮೂತಿಯ ಕಡೆಯಿಂದ ನೀರು ಒಳಗೆ ನುಗ್ಗುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಹೀಗೇ ಬಿಟ್ಟರೆ ಪಾಪ, ಆ ಮನುಷ್ಯನ ಅನ್ನ ಮುಳುಗುತ್ತಿತ್ತು.

ನನ್ನ ಗಂಡ ಎದೆಮಟ್ಟದ ನೀರಿನವರೆಗೆ ಹೋಗಿ ವಾಪಸು ಬಂದರು. ಅವರಿಗೆ ಈಜು ಬರುವುದಿಲ್ಲ. ಹಳ್ಳಿಯ ಗಂಡಸರೆಲ್ಲ ಮೀನಿಗೆ ಹೋಗಿದ್ದರು. ಮಾವ ಅಡುಗೆಮನೆಯ ಚಾಕು ಹಿಡಿದು ಕಾಲು ಸುಟ್ಟ ಬೆಕ್ಕಿನಂತೆ ಅತ್ತಿಂದಿತ್ತ ಓಡಾಡುತ್ತಿದ್ದರು. ತಮ್ಮ ಗಂಟು ಸಡಿಲವಾಗಲಿ ಎಂದು ಅವರು ದೇವರನ್ನು ಬೇಡಿಕೊಂಡದ್ದು ಜೀವನದಲ್ಲಿ ಅದೇ ಮೊದಲು.

ಅತ್ತೆ ಕನ್ನಡಕ ತೆಗೆದು ನನ್ನ ಕೈಗಿಟ್ಟರು. "ಹಿಡ್ಕೋ, ಒಡೆದುಗಿಡೆದು ಹಾಕೀಯ."

"ಅತ್ತೆ, ಚಾಕು ತಗೊಳ್ಳಿ."

"ಇವರು ಹಾಕಿದ ಗಂಟಿಗೆ ನನಗೆ ಚಾಕು ಯಾಕೆ?"

ಉಟ್ಟ ಬಟ್ಟೆಯಲ್ಲೇ ನೀರಿಗಿಳಿದರು. ಮಾವ ಬೇಡ ಬೇಡ ಎನ್ನುತ್ತಿದ್ದಂತೆಯೇ ಅವರ ಕೈಗಳು ನೀರನ್ನು ಸೀಳತೊಡಗಿದವು. ಅವಸರವಿಲ್ಲ, ಗಾಬರಿಯಿಲ್ಲ. ಕಂಬದ ಹತ್ತಿರ ಮುಳುಗಿದರು, ಎದ್ದು ಉಸಿರೆಳೆದುಕೊಂಡರು, ಮತ್ತೆ ಮುಳುಗಿದರು. ನಾನು ಕನ್ನಡಕವನ್ನು ಎದೆಗೊತ್ತಿಕೊಂಡು ನಿಂತೆ. ಇದ್ದಕ್ಕಿದ್ದಂತೆ ದೋಣಿಯ ಮೂತಿ ಮೇಲಕ್ಕೆ ಚಿಮ್ಮಿತು. ಪಕ್ಕದಲ್ಲೇ ಅತ್ತೆಯ ತಲೆ ಕಾಣಿಸಿತು, ಕೈಯಲ್ಲಿ ಹಗ್ಗದ ತುದಿ. ಹಗ್ಗ ಇಡಿಯಾಗಿಯೇ ಇತ್ತು. ಈಕೆ ನಮ್ಮ ಅತ್ತೆ ಎಂದು ಲೋಕಕ್ಕೆಲ್ಲ ಸಾರಬೇಕೆನಿಸಿತು. ಕೇಳಲು ಹಕ್ಕಿಗಳ ಹೊರತು ಯಾರೂ ಇರಲಿಲ್ಲ.

ದೋಣಿಯವ ಸಂಜೆ ಬರುವ ಹೊತ್ತಿಗೆ ನಾವು ನೀರೆಲ್ಲ ಮೊಗೆದು ಚೆಲ್ಲಿದ್ದೆವು. ಮಾವ ಏನೂ ಹೇಳದೆ ಜಾರಿಕೊಳ್ಳಬಹುದಿತ್ತು. ಜಾರಿಕೊಳ್ಳಲಿಲ್ಲ.

"ಕಟ್ಟಿ ಕೆಡಿಸಿದ್ದು ನಾನು," ಎಂದರು. "ಈಜಿಕೊಂಡು ಹೋಗಿ ಬಿಚ್ಚಿದ್ದು ಇವಳು."

ದೋಣಿಯವ ಹಲಗೆಗಳನ್ನೆಲ್ಲ ತಡವಿ ನೋಡಿ, ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ನಿಟ್ಟುಸಿರುಬಿಟ್ಟ. ಈಜು ಎಲ್ಲಿ ಕಲಿತಿರಿ ಎಂದು ಅತ್ತೆಯನ್ನು ಕೇಳಿದ. ಅತ್ತೆ ಬಾಯಿ ತೆರೆಯುವ ಮೊದಲೇ ಮಾವ ಉತ್ತರ ಕೊಟ್ಟರು.

"ತವರಿನ ಕೆರೆಯಲ್ಲಿ. ಈ ದಡದಿಂದ ಆ ದಡಕ್ಕೆ ಈಜ್ತಿದ್ಲು. ಭಾರಿ ದೊಡ್ಡ ಕೆರೆ ಅದು."

ಅತ್ತೆ ಒದ್ದೆ ಕೂದಲನ್ನು ಹಿಂಡಿಕೊಳ್ಳುತ್ತ ಅವರನ್ನೇ ನೋಡಿದರು.

"ಅಷ್ಟೇನೂ ದೊಡ್ಡದಲ್ಲ, ಬಿಡಿ," ಎಂದರು.