ಏಳು ಗಂಟೆಯ ಪೆರಿಯಣ್ಣನ್

ಪೆರಿಯಣ್ಣನ್ ಅವರಿಗೆ ಮೆಲುದನಿಯಲ್ಲಿ ಮಾತಾಡಲು ಬರುತ್ತಿರಲಿಲ್ಲ. ಗುಟ್ಟು ಹೇಳುತ್ತೇನೆಂದು ಅವರು ಯಾರದಾದರೂ ಕಿವಿಯ ಬಳಿ ಬಾಯಿ ತಂದರೆ, ಆ ಗುಟ್ಟು ಎದುರು ಬೀದಿಯ ಚಹದಂಗಡಿಗೆ ತಲುಪಿ, ಅಲ್ಲಿಂದ ನಾಲ್ಕು ಜನರ ಅಭಿಪ್ರಾಯವೂ ಹಿಂದಿರುಗಿ ಬಂದುಬಿಡುತ್ತಿತ್ತು. ತಮಿಳು ಸೀಮೆಯ ಕಂಬಂ ಪೇಟೆಯ ದ್ರಾಕ್ಷಿ ಮಂಡಿಯಲ್ಲಿ ಹರಾಜು ಕೂಗಿ ಕೂಗಿ ಹದಗೊಂಡ ಕಂಠ ಅದು. ಎಳವೆಯಿಂದ ಪೆಟ್ಟಿಗೆ ಹೊತ್ತದ್ದರಿಂದ ಎಡಭುಜ ಒಂದಿಷ್ಟು ಇಳಿದಿತ್ತು. ಮಂಡಿಗೆ ಒಡೆಯರಾಗಿ ವರ್ಷಗಳಾದರೂ, ಬರಿಗೈಯಲ್ಲಿ ನಡೆದು ಬರುವಾಗಲೂ, ಭಾರ ಹೊತ್ತವರಂತೆಯೇ ಒಂದು ಪಕ್ಕಕ್ಕೆ ವಾಲಿ ನಡೆಯುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಂತೆ ಬೀದಿಬೀದಿಯಲ್ಲಿ ಕೇಬಲ್ ತಂತಿಗಳು ತೂಗಾಡತೊಡಗಿದಾಗ, ಅವರ ಹೆಂಡತಿಯ ತಮ್ಮ ಪಿಚ್ಚೈ ಮನೆಯ ಮಾಳಿಗೆಯ ಮೇಲೆ ಡಿಷ್ ನೆಟ್ಟು, ಕೆಳಗಿನ ಕೋಣೆಯಲ್ಲಿ ಒಂದು ಕ್ಯಾಮೆರಾ, ಒಂದು ಮೇಜು, ಒಂದು ಕುರ್ಚಿ ಇಟ್ಟು, ಊರಿಗೇ ಒಂದು ಚಾನೆಲ್ ಮಾಡಿದೆನೆಂದು ಸಾರಿದ. ಕುರ್ಚಿಯೇನೋ ಬಂತು, ಅದರಲ್ಲಿ ಕೂರುವವರು ಬೇಕಲ್ಲ? ಬಾವನನ್ನೇ ಕೂರಿಸಿದ. ಸಂಜೆ ಏಳಕ್ಕೆ ಪೆರಿಯಣ್ಣನ್ ಕಂದು ಬಣ್ಣದ ಉಣ್ಣೆಯ ಕೋಟು ತೊಟ್ಟು, ಆ ಸೆಕೆಯಲ್ಲಿ ಬೆವರುತ್ತ, ದ್ರಾಕ್ಷಿಯ ಧಾರಣೆ, ಕಾಲುವೆಗೆ ನೀರು ಬಿಡುವ ದಿನ, ಯಾರ ಮನೆಯ ಎಮ್ಮೆ ತಪ್ಪಿಸಿಕೊಂಡಿದೆ, ಯಾರ ಮಗು ಪಾಸಾಗಿದೆ ಎಂಬಿತ್ಯಾದಿ ಸಮಸ್ತ ಲೋಕವಾರ್ತೆಯನ್ನೂ ಘೋಷಿಸುತ್ತಿದ್ದರು. ಕ್ಯಾಮೆರಾಕ್ಕೆ ಸೊಂಟದ ಕೆಳಗೆ ಕಾಣದೆಂದು ತಿಳಿದ ಮೇಲೆ ಕೋಟಿನ ಕೆಳಗೆ ಮೊಣಕಾಲಿಗೆ ಮಡಿಸಿ ಕಟ್ಟಿದ ಪಂಚೆಯೇ ಖಾಯಂ ಆಯಿತು.

ಮಾತೆಲ್ಲ ತಮಿಳಿನಲ್ಲಿ. ಕೊನೆಯ ಒಂದು ವಾಕ್ಯ ಮಾತ್ರ, ಆ ಕಣಿವೆಯಲ್ಲಿ ಎಂದೋ ಬಂದು ನೆಲೆಸಿದ ಒಕ್ಕಲು ಮನೆಗಳೊಳಗೆ ಇನ್ನೂ ಉಸಿರಾಡುತ್ತಿದ್ದ ಕನ್ನಡದಲ್ಲಿ: "ಹೋಯ್ ಬತ್ತೀನಿ, ಕದ ಹಾಕ್ಕಳಿ." ಆ ಮನೆಗಳಲ್ಲಿ ಹೊಸ್ತಿಲು ದಾಟುವವರು ಯಾರೂ ಬರೀ 'ಹೋಗ್ತೀನಿ' ಎನ್ನುವುದಿಲ್ಲ, ಹಾಗೆ ಹೋಗುವುದು ಹೆಣ ಮಾತ್ರ. ಹೇಳದೆ ಎದ್ದುಹೋದರೆ ಮುನಿಸೆಂದು ಅರ್ಥ. ಪೆರಿಯಣ್ಣನ್ ಟಿ.ವಿ.ಯಲ್ಲಿ ಹಾಗೆಂದ ಕೂಡಲೇ ಎಷ್ಟೋ ಮನೆಗಳಲ್ಲಿ ಮುದುಕಿಯರು "ಆಯ್ತಪ್ಪ, ಬಾ" ಎಂದು ಪೆಟ್ಟಿಗೆಗೇ ಉತ್ತರ ಕೊಡುತ್ತಿದ್ದರಂತೆ.

ಇಂಥ ಕಂಠದ ಸುದ್ದಿ ಜಿಲ್ಲೆಯ ದೊಡ್ಡ ಪೇಟೆ ತೇನಿಗೆ ಮುಟ್ಟದೆ ಇರುತ್ತದೆಯೇ? ಅಲ್ಲಿಂದ ದಿಂಡುಕ್ಕಲ್‌ವರೆಗೆ ತಂತಿ ಎಳೆದಿದ್ದ ಕಾಮರಾಜ್ ಎಂಬ ದೊಡ್ಡ ಕೇಬಲ್ ಒಡೆಯ ಹಣ್ಣಿನ ತಟ್ಟೆಯೊಡನೆ ಬಂದ. ಅದೇ ಕಾರ್ಯಕ್ರಮ, ಅದೇ ಏಳು ಗಂಟೆ, ಆದರೆ ಜಿಲ್ಲೆಯೇ ನೋಡುತ್ತದೆ, ಮಂಡಿಯ ಹೆಸರೂ ದಿನಾ ಬರುತ್ತದೆ. ಮಂಡಿಗೆ ಬರುವ ಮಾಲು ಹೆಚ್ಚುವುದೆಂದು ಪೆರಿಯಣ್ಣನ್ ಒಳಗೊಳಗೇ ಹಿಗ್ಗಿದರು, ಅದನ್ನೇನೂ ಮುಚ್ಚಿಡಬೇಕಾಗಿಲ್ಲ. ಆದರೆ ಅವರನ್ನು ನಿಜವಾಗಿ ಎಳೆದದ್ದು ಬೇರೆ. ಒಬ್ಬಳೇ ಮಗಳು ಗೋಮತಿಯನ್ನು ನಿಲಕ್ಕೋಟ್ಟೈಯ ಮಲ್ಲಿಗೆ ತೋಟದವರಿಗೆ ಕೊಟ್ಟಿದ್ದರು. ಪಿಚ್ಚೈಯ ತಂತಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ, ಕಾಮರಾಜನದು ಮುಟ್ಟುತ್ತಿತ್ತು. ಅಪ್ಪನನ್ನು ಊರೆಲ್ಲ ನೋಡುತ್ತದೆ, ಮಗಳೊಬ್ಬಳು ನೋಡಿಲ್ಲ ಎಂಬುದು ಅವರ ಎದೆಯೊಳಗೆ ಮುಳ್ಳಾಗಿತ್ತು.

ಪಿಚ್ಚೈಗೆ ಹೇಳಿದಾಗ ಅವನು ಪ್ಲಗ್ಗೊಂದನ್ನು ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ. "ಹೋಗು ಬಾವ. ಗೋಮತಿ ನೋಡ್ಲಿ. ನಂಗೇನ್ ಕವಲೆ?" ಎಂದ. ಚಿಂತೆಯಿಲ್ಲವೆಂದವನ ಕೈಯಿಂದ ಸ್ಕ್ರೂ ಎರಡು ಸಲ ಜಾರಿ ಬಿತ್ತು. ಅಂದು ಸಂಜೆಯೂ ಪೆರಿಯಣ್ಣನ್ ಎಂದಿನಂತೆಯೇ ಮುಗಿಸಿದರು. ಕಡೆಯ ದಿನವೆಂದು ಹೇಳಲು ನಾಲಗೆ ಏಳಲಿಲ್ಲ. ಹೋಯ್ ಬತ್ತೀನಿ ಎಂದೇ ಎದ್ದರು.

ತೇನಿಯಲ್ಲಿ ತಣ್ಣನೆಯ ಕೋಣೆ, ಉಣ್ಣೆಯ ಕೋಟಿಗೆ ಕೊನೆಗೂ ಒಂದು ಅರ್ಥ ಬಂತು. ಮೊದಲ ದಿನವೇ ಕಾಮರಾಜ್ ವಿನಯದಿಂದ ಕೈಮುಗಿದ: "ಅಣ್ಣೇ, ಎಲ್ಲಾಂ ಅರುಮೈ. ಅಂದ ಕಡೈಸಿ ಕನ್ನಡಂ ಮಟ್ಟುಂ ವೇಂಡಾಂ." ಎಲ್ಲ ಸೊಗಸು, ಕೊನೆಯ ಆ ಕನ್ನಡವೊಂದು ಬೇಡ, ದಿಂಡುಕ್ಕಲ್‌ನ ಬೀಗದಂಗಡಿಯವರು ಜಾಹೀರಾತು ಕೊಡುತ್ತಾರೆ, ಅವರಿಗೆ ಅದೇನೆಂದು ತಿಳಿಯುವುದಿಲ್ಲ. ವ್ಯಾಪಾರ ಬಲ್ಲ ಪೆರಿಯಣ್ಣನ್‌ಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. 'ವಣಕ್ಕಂ' ಎಂದು ಮುಗಿಸತೊಡಗಿದರು. ಮಂಡಿಯಲ್ಲಿ ಪೆಟ್ಟಿಗೆಗಳ ರಾಶಿ ಏರಿತು, ಬಸ್ಸಿನಲ್ಲಿ ಅಪರಿಚಿತರು ಎದ್ದು ಸೀಟು ಬಿಟ್ಟರು.

ಕೊಯ್ಲು ಮುಗಿದ ಮೇಲೆ ಅವರು ನಿಲಕ್ಕೋಟ್ಟೈಗೆ ಹೋದರು. ಬೀಗರ ಮನೆಯಲ್ಲಿ ಆದರವೋ ಆದರ. ಗೋಮತಿ ಮಾತ್ರ ಮಲ್ಲಿಗೆ ಕಟ್ಟುತ್ತ ಕೂತಿದ್ದಳು. ಆಮೇಲೆ ಕೇಳಿದಳು:

"ಅಪ್ಪಾ, ನನ್ ಮೇಲ್ ಕೋಪಾನ?"

"ಯಾಕವ್ವಾ?"

"ದಿನಾ ನಮ್ಮನೀಗ್ ಬತ್ತೀಯ. ಎಲ್ಲಾ ಮಾತೂ ಪೇಸ್ತೀಯ. ಹೋಗೋವಾಗ ಒಂದ್ ಮಾತ್ ಹೇಳ್ದಲೆ ಎದ್ದೋಯ್ತೀಯಲ್ಲ."

ಪೆರಿಯಣ್ಣನ್ ಜೀವಮಾನದಲ್ಲಿ ಮೊದಲ ಸಲ ಮೆಲುದನಿಯಲ್ಲಿ ಏನೋ ಹೇಳಿದರಂತೆ. ಏನೆಂದು ಮಗಳಿಗೂ ಕೇಳಿಸಲಿಲ್ಲ. ಅವಳು ದಾರ ಕತ್ತರಿಸಿ ಇನ್ನೊಂದನ್ನೂ ಹೇಳಿದಳು. ಪಿಚ್ಚೈ ಮಾವ ಏಳು ಗಂಟೆಗೆ ಬೇರೇನನ್ನೂ ಹಾಕುತ್ತಿಲ್ಲ, ಮೇಜು ಒರೆಸಿ, ದೀಪ ಹಚ್ಚಿ, ಬರೀ ಕುರ್ಚಿಯನ್ನು ತೋರಿಸುತ್ತಾನೆ. ಸಿನಿಮಾ ಹಾಕೆಂದು ಜನ ಜಗಳಕ್ಕೆ ಬಂದರೆ, "ಬಾವ ಹೋಯ್ ಬತ್ತೀನಿ ಅಂದವ್ನೆ. ಬಂದ್ರೆ ಎಲ್ ಕೂರ್ತಾನೆ?" ಎನ್ನುತ್ತಾನೆ. ಅವ್ವ ಊರಿಂದ ಬಂದವರ ಕೈಲಿ ಹೇಳಿ ಕಳಿಸಿದ್ದಳು. ಏಳಕ್ಕೆ ತೇನಿಯಲ್ಲಿರುತ್ತಿದ್ದ ಗಂಡನಿಗೆ ತಾನೇ ಹೇಳಲು ಅವಳಿಗೂ, ಊರಿನವರಿಗೂ ಮನಸ್ಸು ಬಂದಿರಲಿಲ್ಲ.

ಮರಳುವಾಗ ತೇನಿಯಲ್ಲಿಳಿದು ಪೆರಿಯಣ್ಣನ್ ಕಾಮರಾಜನನ್ನು ಒಂದೇ ಒಂದು ಕೇಳಿಕೊಂಡರು: ಕೊನೆಯ ವಾಕ್ಯ ಹೇಳಲು ಬಿಡು, ಇಲ್ಲೇ ಇರುತ್ತೇನೆ. ಮಗಳು ನೋಡುವ ಪರದೆಯನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ. ಕಾಮರಾಜ್ ಬಹಳ ನೊಂದುಕೊಂಡೇ ಆಗದೆಂದ. ಅವರು ಕಂಬಂ ಬಸ್ಸು ಹತ್ತಿದರು.

ಪಿಚ್ಚೈ ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. "ಟೈಮಾಯ್ತ್ ಬಾವ" ಎಂದು ಕ್ಯಾಮೆರಾ ತಿರುಗಿಸಿದ. ಆ ವೇಳೆಗೆ ಕಂಬಂನಲ್ಲೂ ಅರ್ಧಕ್ಕರ್ಧ ಮನೆಗಳು ದೊಡ್ಡ ಕೇಬಲ್ಲಿಗೆ ತಂತಿ ಬದಲಿಸಿಕೊಂಡಿದ್ದವು. ಬಾವನ ಮಾತು ಕೇಳಲು ಉಳಿದದ್ದು ಹಳೆಯ ಕೆಲವು ಬೀದಿಗಳು ಮಾತ್ರ. ತೇನಿಯಲ್ಲಿ ಬೇರೊಬ್ಬ ಕೋಟು ತೊಟ್ಟು ಕೂತ, ಚೆನ್ನಾಗಿಯೇ ಮಾತಾಡಿದ. ಮಂಡಿಯ ರಾಶಿ ಮೊದಲಿನಷ್ಟಕ್ಕೆ ಇಳಿಯಿತು.

ಇಂಥವರು ಸಂತರೆಂದು ಯಾರಾದರೂ ಹೊಗಳಿದರೆ ನಂಬಬೇಡಿ. ಲಾಭದ ರುಚಿ ಅವರಿಗೂ ಗೊತ್ತು, ಕರೆದಲ್ಲಿಗೆ ಹೋಗಿಯೂ ಬಿಡುತ್ತಾರೆ. ತಮ್ಮ ಬಾಯಿಂದ ವಾಡಿಕೆಗೆಂದು ಬಿದ್ದ ಮಾತನ್ನು ಇನ್ನೊಬ್ಬ ಸತ್ಯವೆಂದು ಹಿಡಿದು ಕೂತಿದ್ದಾನೆಂದು ತಿಳಿದ ಮೇಲೆ ಮಾತ್ರ ಅವರಿಗೆ ಅನ್ನ ಇಳಿಯುವುದಿಲ್ಲ. ಹಿಂದಿರುಗಿ ಬರುತ್ತಾರೆ, ಬಂದದ್ದಕ್ಕೆ ಬೆಲೆ ತೆರುತ್ತಾರೆ, ಆ ಬೆಲೆಯನ್ನು ಯಾರ ಮುಂದೆಯೂ ಆಡುವುದಿಲ್ಲ. ಪಿಚ್ಚೈಯ ತಂತಿ ಮುಟ್ಟದ ನಿಲಕ್ಕೋಟ್ಟೈಯ ಆ ಮನೆಯಲ್ಲಿ ಸಂಜೆ ಏಳಕ್ಕೆ ಗೋಮತಿ ಈಗ ಟಿ.ವಿ. ಆರಿಸಿಬಿಡುತ್ತಾಳೆ.