ಇಪ್ಪತ್ತೇಳನೇ ಪುಟದ ಗುರುತು

ಪುಸ್ತಕ ಹೊಚ್ಚ ಹೊಸದು. ಲೈಬ್ರರಿಯ ರುಖ್ಸಾನಾ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ಮುದ್ರೆ ಒತ್ತಿ ಕಪಾಟಿಗೆ ಇಟ್ಟು ಇನ್ನೂ ವಾರವಾಗಿರಲಿಲ್ಲ. ಥೆಲ್ಮಾ ಕ್ರ್ಯಾಬ್‌ಟ್ರೀ ಅಭ್ಯಾಸಬಲದಿಂದ ಇಪ್ಪತ್ತೇಳನೇ ಪುಟ ತೆಗೆದಳು. ಸಂಖ್ಯೆಯ ಕೆಳಗೆ ಪೆನ್ಸಿಲ್ಲಿನ ಎರಡು ಪುಟ್ಟ ಗೆರೆ, ಪಕ್ಕದಲ್ಲೊಂದು ಚುಕ್ಕಿ. ಅವಳದೇ ಗುರುತು!

ಯಾರಾದರೂ ನೋಡಿದ್ದರೆ ಮುದುಕಿಗೆ ಲಾಟರಿ ಹೊಡೆಯಿತೇನೋ ಅಂದುಕೊಳ್ಳಬೇಕು, ಹಾಗೆ ಅರಳಿತು ಮುಖ.

ಸ್ಕಾರ್‌ಬೆಕ್‌ನ ಲೈಬ್ರರಿಯಲ್ಲಿ ದಪ್ಪಕ್ಷರದ ಕಾದಂಬರಿಗಳ ಕಪಾಟಿಗೆ ಹೋಗುವ ಹೆಂಗಸರಿಗೆಲ್ಲ ಒಂದೊಂದು ಗುಟ್ಟಿನ ಗುರುತು ಇದೆ. ಎಪ್ಪತ್ತು ದಾಟಿದ ಮೇಲೆ ಕಥೆಯ ಡ್ಯೂಕರೆಲ್ಲ ಒಂದೇ ಥರ ಕಾಣುತ್ತಾರೆ. ಇನ್ನೂರು ವರ್ಷ ಹಿಂದಿನ ರೀಜೆನ್ಸಿ ಕಾಲದ ಯಾವ ನೃತ್ಯಕೂಟದಲ್ಲಿ ಯಾವ ಬಡಪಾದ್ರಿಯ ಮಗಳು ಯಾರ ಕೈ ಹಿಡಿದಳು, ವಿಕ್ಟೋರಿಯಾ ರಾಣಿಯ ಕಾಲದ ಯಾವ ಬಂಗಲೆಯಲ್ಲಿ ಯಾರು ಯಾರ ಹಾಲಿಗೆ ವಿಷ ಬೆರೆಸಿದರು, ಇದನ್ನೆಲ್ಲ ಯಾರು ತಲೆಯಲ್ಲಿ ತುಂಬಿಕೊಂಡು ಕೂರುತ್ತಾರೆ? ಅದಕ್ಕೇ ಓದಿ ಮುಗಿಸಿದ ಪುಸ್ತಕದಲ್ಲಿ ಒಂದು ಗುರುತು. ಬೆರಿಲ್ ಶಟಲ್‌ವರ್ತ್‌ಳದು ಕೊನೆಯ ಪುಟದಲ್ಲಿ ನಕ್ಷತ್ರ, ಅದೂ ಇಡೀ ಊರಿಗೆ ಕಾಣುವಷ್ಟು ದೊಡ್ಡದು. ಪುಸ್ತಕದಲ್ಲಿ ಗೀಚಬಾರದೆಂದು ಗೋಡೆಯ ಮೇಲೆ ಬೋರ್ಡೇ ಇದೆ. ರುಖ್ಸಾನಾ ಕಂಡೂ ಕಾಣದಂತೆ ಇರುತ್ತಾಳೆ. ಗುರುತು ಕಂಡಿತೋ, ಓದಿಯಾಗಿದೆ, ವಾಪಸ್ ಇಡು. ಅಷ್ಟೇ.

ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಗುರುತು ಕಂಡ ಮೇಲೂ ಥೆಲ್ಮಾ ನಿಂತಲ್ಲೇ ಮೊದಲ ಎರಡು ಪುಟ ತಿರುವುತ್ತಿದ್ದಳು. ಓ, ಇದು ಆ ಕುಂಟ ಕ್ಯಾಪ್ಟನ್ನನ ಕಥೆ ಎಂದು ತಟ್ಟನೆ ನೆನಪಾಗುತ್ತಿತ್ತು. ಆದರೆ ಹೋದ ವರ್ಷದಿಂದ ಗುರುತಿದ್ದ ಕೆಲವು ಪುಸ್ತಕಗಳ ಒಂದಕ್ಷರವೂ ನೆನಪಿಗೆ ಬರಲೊಲ್ಲದು. ಅವಳ ತಾಯಿ ಕೊನೆಕೊನೆಗೆ ಕೆಟಲನ್ನು ಬಟ್ಟೆಯ ಬೀರುವಿನಲ್ಲಿ ಇಡುತ್ತಿದ್ದಳು. ಹೆತ್ತ ಮಗಳನ್ನೇ "ನೀವು ಯಾರಮ್ಮ?" ಎಂದು ಕೇಳಿದ್ದಳು. ಹೀಗೆ ಪುಸ್ತಕ ಮರೆಯತೊಡಗಿದ ಮೇಲೆ ಥೆಲ್ಮಾ ಸ್ನಾನದ ತೊಟ್ಟಿಯಲ್ಲಿ ಕೂತು ಡಿಸೆಂಬರಿನಿಂದ ಹಿಂದಕ್ಕೆ ತಿಂಗಳ ಹೆಸರು ಹೇಳಿಕೊಳ್ಳುತ್ತಿದ್ದಳು. ನೆನಪು ಪರೀಕ್ಷಿಸಲು ಡಾಕ್ಟರು ಕೇಳುವುದು ಅದನ್ನೇ ಅಂತೆ. ಗಂಡ ವಿಲ್ಫ್‌ನ ಕಿವಿಗೆ ಬೀಳದಿರಲೆಂದು ನಲ್ಲಿ ಬಿಟ್ಟುಕೊಂಡು ಹೇಳುತ್ತಿದ್ದಳು.

ಈಗ ನೋಡಿದರೆ ಹೊಸ ಪುಸ್ತಕದಲ್ಲಿ ಗುರುತು! ಯಾರೂ ಮನೆಗೆ ಒಯ್ಯದ ಪುಸ್ತಕ. ಅವಳಂತೂ ಓದಿರಲು ಸಾಧ್ಯವೇ ಇಲ್ಲ. ಅಂದರೆ ತಲೆ ನೆಟ್ಟಗಿದೆ. ಯಾರೋ ಬೇಕೆಂದೇ ಅವಳ ಗುರುತು ಹಾಕುತ್ತಿದ್ದಾರೆ. ಸಂತೋಷ ಒಂದೇ ಗಳಿಗೆ ಇತ್ತು, ಆಮೇಲೆ ಮೈಯೆಲ್ಲ ಉರಿಯಿತು. ಯಾರು? ಯಾಕೆ?

ಇಷ್ಟು ವರ್ಷ ಪತ್ತೇದಾರಿ ಕಥೆ ಓದಿದವಳಿಗೆ ಮೊದಲ ಪ್ರಶ್ನೆ ಗೊತ್ತು: ಇದರಿಂದ ಲಾಭ ಯಾರಿಗೆ? ಉತ್ತರ ಎದುರಿಗೇ ಸ್ವೆಟರ್ ಹೆಣೆಯುತ್ತ ಕೂತಿತ್ತು. ಮಂಗಳವಾರದ ಓದುಗರ ಕೂಟಕ್ಕೆ ಪುಸ್ತಕ ಆರಿಸುವವಳು ಥೆಲ್ಮಾ. ಅವಳಿಗೆ ಅರಳುಮರಳು ಎಂದಾದರೆ ಆ ಕುರ್ಚಿಗೆ ಬರುವವಳು ಬೆರಿಲ್.

"ಬೆರಿಲ್, ನಿನ್ನ ಹತ್ರ ಪೆನ್ಸಿಲ್ ಇದೆಯೇನೇ?"

"ಇದೆ. ಯಾಕೆ, ನಿಂದು ಕಳೀತಾ? ಈ ನಡುವೆ ತುಂಬಾ ಕಳ್ಕೋತಿದ್ದೀಯಪ್ಪ ನೀನು."

"ಏನು ಹಾಗಂದ್ರೆ?"

"ಕೊಡೆ ಕಳ್ಕೊಂಡೆ. ಕನ್ನಡಕ ಕಳ್ಕೊಂಡೆ. ಹೋದ ವಾರ ಕೇಕ್ ತರೋ ಸರದಿ ನಿಂದು, ಬಂದಿದ್ದು ಬರಿಗೈಲಿ."

ಥೆಲ್ಮಾ ಪುಸ್ತಕವನ್ನು ಅವಳ ಮಡಿಲಿಗೆ ಕುಕ್ಕಿದಳು. "ನಾಟಕ ಸಾಕು. ನನ್ನ ಗುರುತು ಇದಕ್ಕೆ ಹಾಕಿದ್ದು ನೀನೇ ತಾನೆ?"

ಬೆರಿಲ್ ಪುಟ ನೋಡಿದಳು, ಥೆಲ್ಮಾಳ ಮುಖ ನೋಡಿದಳು, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕಳು. "ಅಯ್ಯೋ ಮಾರಾಯ್ತಿ! ನನ್ನ ನಕ್ಷತ್ರ ಬಿಡಿಸೋಕೇ ಬೆರಳು ಬಗ್ಗಲ್ಲ, ನಿನ್ನ ಇರುವೆಕಾಲಿನ ಗೀಟು ನಾನು ಹಾಕ್ತೀನಾ? ನನ್ನೇನು ಕೇಳ್ತೀಯ, ನಿನ್ನ ಗಂಡನ್ನ ಕೇಳು. ಶುಕ್ರವಾರ ಶುಕ್ರವಾರ ಬೆಳಿಗ್ಗೆ ಇಲ್ಲೇ ಹೀಟರ್‌ಗೆ ಬೆನ್ನು ಕೊಟ್ಕೊಂಡು ಕೂತಿರ್ತಾನಲ್ಲ!"

"ವಿಲ್ಫ್? ಲೈಬ್ರರೀಲಿ? ನಿನಗೆಲ್ಲೋ ಭ್ರಾಂತು. ಶುಕ್ರವಾರ ಅವನು ತರಕಾರಿ ತೋಟದಲ್ಲಿರ್ತಾನೆ."

"ಇರ್ತಾನೆ, ಇರ್ತಾನೆ," ಎಂದು ಬೆರಿಲ್ ಸೂಜಿ ಕೈಗೆತ್ತಿಕೊಂಡಳು. "ಹೋಗಿ ಅವನ ಬೂಟು ನೋಡು."

ಹಾಳಾದವಳು, ಎಂಥ ಮಾತು ಹೇಳಿದಳು! ಥೆಲ್ಮಾ ನಿಜಕ್ಕೂ ಮನೆಗೆ ಹೋಗಿ ಬೂಟು ನೋಡಿದಳು. ಹಿಂಬಾಗಿಲಿನ ಹತ್ತಿರ ಕೂತಿದ್ದ ರಬ್ಬರ್ ಬೂಟಿನ ಅಡಿಯಲ್ಲಿ ಒಣಗಿದ ಮಣ್ಣು, ಅದರ ಮೇಲೆ ಜೇಡನ ಬಲೆ. ಎಷ್ಟು ವಾರದಿಂದ ಆ ಬೂಟಿಗೆ ಕಾಲೇ ಹೋಗಿಲ್ಲವೋ! ಹಾಗಾದರೆ ಶುಕ್ರವಾರ ಅವಳು ಕೂದಲು ಸೆಟ್ ಮಾಡಿಸಿಕೊಳ್ಳಲು ಹೋದಾಗ ಇವನು ತೋಟದ್ದೆಂದು ಮನೆಗೆ ತರುತ್ತಿದ್ದ, ಈರುಳ್ಳಿ ಜಾತಿಯ ಆ ಲೀಕ್ ಸೊಪ್ಪು ಎಲ್ಲಿಯದು? ಅಂಗಡಿಯದೇ?

ಒಂದು ಎಳೆ ಸಿಕ್ಕಿದ ಮೇಲೆ ಉಳಿದದ್ದು ತಾನಾಗಿ ಬಿಚ್ಚಿಕೊಂಡಿತು. ವೃದ್ಧರಿಗೆಂದೇ ಕಟ್ಟಿದ ಫ್ಲ್ಯಾಟುಗಳ ಜಾಹೀರಾತು ಪುಸ್ತಿಕೆಯನ್ನು ಹೋದ ತಿಂಗಳು ಮನೆಗೆ ತಂದವನು ವಿಲ್ಫ್. "ನನ್ನ ಮಂಡಿಗೆ ಈ ಮೆಟ್ಟಿಲು ಆಗಲ್ಲ ಕಣೆ," ಎಂದಿದ್ದ. ಮಂಡಿಗಂತೆ! ವಿಕ್ಟೋರಿಯಾ ಕಾಲದ ಎಷ್ಟು ಗಂಡಂದಿರು ಹೆಂಡತಿಗೆ ಹುಚ್ಚು ಎಂದು ನಂಬಿಸಿ, ಆಸ್ಪತ್ರೆಗೆ ಅಟ್ಟಿ, ಮನೆ ಮಾರಿಕೊಂಡಿಲ್ಲ? ದೀಪ ತಾನೇ ಆರಿಸಿ, ನೀನೇ ಆರಿಸಿದೆ ಎನ್ನುವುದು. ಬೀಗದ ಕೈ ತಾನೇ ಅಡಗಿಸಿ, ನೀನೇ ಕಳೆದೆ ಎನ್ನುವುದು. ಥೆಲ್ಮಾಳ ಕೊಡೆಯೂ ಹಾಗೇ ಹೋಗಿರಬೇಕು! ಐವತ್ತು ವರ್ಷಕ್ಕೂ ಮೇಲೆ ಸಂಸಾರ ಮಾಡಿದ ಗಂಡ, ಬಸ್ ಓಡಿಸಿ ಊರಿಗೆಲ್ಲ ಒಳ್ಳೆಯವನೆನಿಸಿಕೊಂಡವನು. ಒಳ್ಳೆಯವರೇ ಮಾಡುವುದು ಇಂಥದ್ದನ್ನು, ಹದಿನೆಂಟನೇ ಅಧ್ಯಾಯದವರೆಗೂ ಅವರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಆ ವಾರವೆಲ್ಲ ಅವನು ಚಹಾ ಮಾಡಿಕೊಟ್ಟರೆ ಥೆಲ್ಮಾ ಮೂಸಿ ನೋಡಿ ಕುಡಿದಳು.

"ಹಾಲು ಕೆಟ್ಟಿದೆಯಾ?" ಎಂದು ವಿಲ್ಫ್ ಕೇಳಿದ.

"ಹಾಲು ಚೆನ್ನಾಗೇ ಇದೆ."

"ಮತ್ತೆ ಮುಖ ಯಾಕೆ ಹಾಗೆ ಮಾಡ್ತೀಯ? ನಿನ್ನ ಬಾನೆಟ್ ಟೋಪಿ ಹೆಂಗಸರ ಪುಸ್ತಕದಲ್ಲಿ ಯಾರಾದ್ರೂ ಸತ್ರಾ?"

"ಇನ್ನೂ ಇಲ್ಲ," ಎಂದಳು ಥೆಲ್ಮಾ, ಅವನ ಕಣ್ಣಲ್ಲಿ ಕಣ್ಣಿಟ್ಟು. ಅವನು ಬಿಸ್ಕತ್ತು ಅದ್ದಿಕೊಂಡು ತಿಂದ.

ಶುಕ್ರವಾರ ಬೆಳಿಗ್ಗೆ ಅವಳು ಕೂದಲು ಸೆಟ್ ಮಾಡಿಸಿಕೊಳ್ಳಲು ಹೋಗಲಿಲ್ಲ. ನೇರ ಲೈಬ್ರರಿಗೆ ಹೋಗಿ ಸ್ಥಳೀಯ ಚರಿತ್ರೆಯ ಕಪಾಟಿನ ಹಿಂದೆ ನಿಂತಳು. ಅಲ್ಲಿಗೆ ಯಾರೂ ಬರುವುದಿಲ್ಲ. ರುಖ್ಸಾನಾ ಬಂದು, "ಕಾಲು ನೋಯಲ್ವಾ, ಕುರ್ಚಿ ತರ್ಲಾ?" ಎಂದಾಗ, "ಶ್! ನನ್ನ ನೋಡೇ ಇಲ್ಲ ಅನ್ಕೋ ಮಗಳೇ," ಎಂದಳು. ಆ ಹುಡುಗಿಗೆ ಕಂಡೂ ಕಾಣದಂತಿರುವುದು ಹೊಸದಲ್ಲವಲ್ಲ, ಹೊರಟುಹೋದಳು.

ವಿಲ್ಫ್ ಬಂದ. ಟೋಪಿ ತೆಗೆದು ಜೇಬಿಗಿಟ್ಟ. ಯಾವ ಹೆಂಗಸೂ ಜೊತೆಗಿರಲಿಲ್ಲ. ನಿಜ ಹೇಳಬೇಕೆಂದರೆ ಥೆಲ್ಮಾ ಅದರ ಮೇಲೂ ಒಂದು ಕಣ್ಣಿಟ್ಟೇ ನಿಂತಿದ್ದಳು. ಅವನು ದಪ್ಪಕ್ಷರದ ಕಪಾಟಿನಿಂದ ಎರಡು ಪುಸ್ತಕ ಎಳೆದ. ಒಂದರ ಮೇಲೆ ರೇಷ್ಮೆಯ ಗೌನು ತೊಟ್ಟವಳು, ಇನ್ನೊಂದರ ಮೇಲೆ ಮಂಜು ಮುಸುಕಿದ ಬೀದಿಯ ಗ್ಯಾಸ್ ದೀಪ. ಕೂತು ಓದತೊಡಗಿದ. ಆ ವಿಲ್ಫ್! ಪತ್ರಿಕೆಯ ಫುಟ್‌ಬಾಲ್ ಪುಟ ಬಿಟ್ಟು ಬೇರೇನೂ ಓದದವನು! ಹೆಬ್ಬೆರಳು ನೆಕ್ಕಿ ಪುಟ ತಿರುವುತ್ತ, ತುಟಿ ಅಲುಗಿಸುತ್ತ, ಒಂದು ಗಂಟೆಗೂ ಮೇಲೆ ಓದಿದ. ಆಮೇಲೆ ಒಂದು ಪುಟದಲ್ಲಿ ಓದು ನಿಲ್ಲಿಸಿದ. ಕನ್ನಡಕ ತೆಗೆದು ಒರೆಸಿಕೊಂಡ. ಸುತ್ತ ನೋಡಿ, ಜೇಬಿನಿಂದ ಪೆನ್ಸಿಲ್ ತುಂಡು ತೆಗೆದು, ಪುಟ ಹಿಂದಕ್ಕೆ ತಿರುವಿ ಪುಸ್ತಕದ ಮೊದಲ ಭಾಗಕ್ಕೆ ಬಂದ.

ಥೆಲ್ಮಾ ಹಾರಿ ಬಂದು ಅವನ ಮಣಿಕಟ್ಟು ಹಿಡಿದಳು.

"ಸಿಕ್ಕಿಬಿದ್ದೆಯಾ!"

ವಿಲ್ಫ್‌ನ ಮುಖ ಬಿಳಿಚಿಕೊಂಡಿತು. "ಥೆಲ್ಮಾ... ಕೂದಲಿಗೆ ಹೋಗ್ಲಿಲ್ವಾ?"

"ಕೂದಲು ಹಾಳಾಗ್ಲಿ! ನನಗೆ ಹುಚ್ಚು ಹಿಡಿಸ್ಬೇಕು ಅಂತ ಎಷ್ಟು ದಿನದಿಂದ ಮಾಡ್ತಿದ್ದೀಯ ಇದನ್ನ? ಮನೆ ಮಾರೋಕಾ? ಹೇಳು!"

"ಹುಚ್ಚಾ? ಯಾವ ಮನೆ?" ಅವನು ನಿಜಕ್ಕೂ ತಬ್ಬಿಬ್ಬಾಗಿದ್ದ. "ಮೆಲ್ಲಗೆ ಮಾತಾಡು ಮಾರಾಯ್ತಿ, ಎಲ್ಲ ನೋಡ್ತಿದ್ದಾರೆ."

"ನೋಡ್ಲಿ."

ವಿಲ್ಫ್ ಪುಸ್ತಕವನ್ನು ಅವಳ ಕಡೆ ತಳ್ಳಿದ. ಗ್ಯಾಸ್ ದೀಪದ್ದು. "ಇದರಲ್ಲಿ ಮಗು ಸಾಯುತ್ತೆ," ಎಂದ. "ಸಣ್ಣ ಹುಡುಗಿ. ಜ್ವರ ಬಂದು."

ಥೆಲ್ಮಾಳ ಕೈ ಸಡಿಲವಾಯಿತು.

"ಆವತ್ತು ನೀನು ಒಂದು ಓದಿದೆಯಲ್ಲ, ಹೋದ ವರ್ಷದ ಚಳೀಲಿ. ಅದರಲ್ಲೂ ಹೀಗೇ ಆಗಿ ನೀನು ಹಾಸಿಗೆ ಹಿಡಿದೆ. ಊಟ ಇಲ್ಲ, ಮಾತಿಲ್ಲ. ಗೋಡೆ ನೋಡ್ಕೊಂಡು ಮಲಗಿದ್ದೆ. ಆ ಕಾಲದ ಕಥೇಲೆಲ್ಲ ಮಕ್ಕಳು ಸಾಯೋದೇ ಜಾಸ್ತಿ, ಥೆಲ್ಮಾ. ಬೇಡ ಅಂದ್ರೆ ನೀನು ಕೇಳೋಳಾ? ಗುರುತಿದ್ರೆ ಓದಿದ್ದೀನಿ ಅಂತ ವಾಪಸ್ ಇಡ್ತೀಯ. ಅದಕ್ಕೇ..."

ಹೇಝೆಲ್. ಅವರ ಮಗಳು, ಮೂರು ವರ್ಷ ತುಂಬಿತ್ತಷ್ಟೇ. ಮಿದುಳು ಜ್ವರ. ಬೆಳಿಗ್ಗೆ ಗಂಜಿ ಬೇಡ ಎಂದು ಹಟ ಮಾಡಿದ್ದ ಮಗು ಮಾರನೆಯ ಸಂಜೆಗೆ ಇರಲಿಲ್ಲ. ಆಮೇಲೆ ಬೇರೆ ಮಕ್ಕಳಾಗಲಿಲ್ಲ. ಗಂಡಹೆಂಡಿರಿಬ್ಬರೂ ಆ ಹೆಸರನ್ನು ಬಾಯಿಬಿಟ್ಟು ಹೇಳದೇ ಮುದುಕರಾಗಿಬಿಟ್ಟಿದ್ದರು.

ಥೆಲ್ಮಾ ಕುರ್ಚಿಯಲ್ಲಿ ಕುಸಿದಳು. "ಪೆದ್ದ! ಶುದ್ಧ ಪೆದ್ದ ನೀನು! ನನಗೂ ಅಮ್ಮನ ಹಾಗೇ ಆಗ್ತಿದೆ ಅಂತ ನಾನು ಎಷ್ಟು ಹೆದರಿ ಸತ್ತೆ ಗೊತ್ತಾ? ಬಚ್ಚಲಲ್ಲಿ ಕೂತು ತಿಂಗಳ ಹೆಸರು ಹಿಂದಿನಿಂದ ಬಾಯಿಪಾಠ ಮಾಡ್ತಿದ್ದೆ!"

"ಅದು ನನಗೆ ಹೊಳೀಲೇ ಇಲ್ಲ," ಎಂದ ವಿಲ್ಫ್. "ದೇವರಾಣೆಗೂ ಹೊಳೀಲಿಲ್ಲ ಕಣೆ."

ಅವಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂತು. ಅವನ ತೋಳಿಗೆ ನಾಲ್ಕು ಗುದ್ದು ಗುದ್ದಿದಳು. ತಲೆ ಕೆಟ್ಟಿಲ್ಲ! ಗಂಡ ಕೊಲೆಗಾರನಲ್ಲ! ಇಷ್ಟು ಹಗುರಾಗಿ ಎಷ್ಟು ಕಾಲವಾಗಿತ್ತೋ. "ಮತ್ತೆ ಆ ಲೀಕ್ ಸೊಪ್ಪು?" ಎಂದಳು. "ಸೂಪರ್ ಮಾರ್ಕೆಟ್ಟಿಂದು," ಎಂದ ಅವನು ತಲೆ ತಗ್ಗಿಸಿ. "ಮಣ್ಣು ನಾನೇ ಹಚ್ತಿದ್ದೆ."

ಮನೆಗೆ ಹೊರಡುವ ಮುಂಚೆ ಅವಳು ಕಪಾಟಿಗೆ ಹೋಗಿ ಒಂದು ಪುಸ್ತಕ ತೆಗೆದಳು. ಇಪ್ಪತ್ತೇಳನೇ ಪುಟದಲ್ಲಿ ಗುರುತಿತ್ತು. ಮೊದಲ ಎರಡು ಪುಟ ಓದಿದಳು. ಏನೇನೂ ನೆನಪಾಗಲಿಲ್ಲ, ಆದರೆ ಈಗ ಹೆದರಿಕೆಯೂ ಆಗಲಿಲ್ಲ.

"ಇದರಲ್ಲೂ ಮಗು ಸಾಯುತ್ತಾ?" ಎಂದು ನಗುತ್ತಲೇ ಕೇಳಿದಳು.

ವಿಲ್ಫ್ ಪುಸ್ತಕ ತೆಗೆದುಕೊಂಡ. ಹೊದಿಕೆ ನೋಡಿದ, ಹಿಂದೆ ತಿರುಗಿಸಿ ನೋಡಿದ, ಮತ್ತೆ ಗುರುತು ನೋಡಿದ. "ಹೂಂ," ಎಂದ. "ಸಾಯುತ್ತೆ. ಇದು ಬೇಡ ಬಿಡು."

"ಇಲ್ಲ, ಓದ್ತೀನಿ. ಓದಿದ್ರೆ ಏನು ಸತ್ತುಹೋಗ್ತೀನಾ? ಇನ್ನು ಎಷ್ಟು ದಿನ ಅಂತ ನನ್ನನ್ನ ಹತ್ತೀಲಿ ಸುತ್ತಿ ಇಡ್ತೀಯ?"

"ಬೇಡ ಥೆಲ್ಮಾ. ನನ್ನ ಮಾತು ಕೇಳು. ಬೇರೆ ಯಾವುದಾದ್ರೂ ತಗೋ."

ಅವಳು ಕೇಳಲಿಲ್ಲ.

ಶನಿವಾರವೆಲ್ಲ ಎದೆ ಗಟ್ಟಿಮಾಡಿಕೊಂಡು ಓದಿದಳು. ಕಥೆಯಲ್ಲಿ ಮಗು ಬಂದಾಗಲೆಲ್ಲ ಇದೇ ಇರಬೇಕು ಎಂದು ಬೆನ್ನು ನೆಟ್ಟಗಾಗುತ್ತಿತ್ತು. ಸಾರೋಟಿನವನ ಮಗನಿಗೆ ಕೆಮ್ಮು. ಪಾದ್ರಿಯ ಚಿಕ್ಕ ಮಗಳು ಕೊಳದ ದಡದಲ್ಲಿ ಆಡುತ್ತಾಳೆ. ಅಯ್ಯೋ, ಯಾರಾದರೂ ಹಿಡಿದುಕೊಳ್ಳಿ ಆ ಮಗುವನ್ನು! ಕೆಮ್ಮು ವಾಸಿಯಾಯಿತು. ಚಿಕ್ಕವಳು ಒದ್ದೆ ಕಾಲಿನಲ್ಲಿ ಮನೆಗೆ ಬಂದು ಬೈಸಿಕೊಂಡಳು. ಭಾನುವಾರ ಮಧ್ಯಾಹ್ನ ಅಡುಗೆಮನೆಯಿಂದ ಹುರಿದ ಮಾಂಸದ ವಾಸನೆ ಬರುವ ಹೊತ್ತಿಗೆ ವಿಷ ಹಾಕಿದ ಚಿಕ್ಕಪ್ಪ ಸಿಕ್ಕಿಬಿದ್ದ, ಎರಡು ಮದುವೆ ಆಯಿತು, ಮಕ್ಕಳೆಲ್ಲ ಹೂವು ಚೆಲ್ಲಿದರು. ಮುಂದಿನ ಪುಟ ಖಾಲಿ.

ಥೆಲ್ಮಾ ಮತ್ತೆ ಇಪ್ಪತ್ತೇಳನೇ ಪುಟ ತೆಗೆದು ಗುರುತು ನೋಡಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋದಳು.

"ಯಾರೂ ಸಾಯಲ್ಲ, ವಿಲ್ಫ್."

ಗ್ರೇವಿ ತಿರುವುತ್ತಿದ್ದ ಅವನ ಕೈ ನಿಂತಿತು. ಅವನು ತಿರುಗಲಿಲ್ಲ.

"ಈ ಪುಸ್ತಕ ನೀನು ಓದೇ ಇಲ್ಲ, ಅಲ್ವಾ?"

"ಇಲ್ಲ."

"ಹಾಗಾದ್ರೆ ಇದನ್ನ ಓದಿ ಗುರುತು ಹಾಕಿದ್ದು ನಾನೇ."

ಗ್ರೇವಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಥೆಲ್ಮಾ ಕೈ ಚಾಚಿ ಒಲೆ ಆರಿಸಿದಳು. ಅವನ ಭುಜ ಕುಲುಕುವುದು ಕಂಡು ಅಲ್ಲೇ ಕೈಯಿಟ್ಟಳು.

"ಒಂದಕ್ಷರ ನೆನಪಿಲ್ಲ ಕಣೋ. ಕೊನೇ ಪುಟದವರೆಗೂ ಒಂದಕ್ಷರ ಇಲ್ಲ." ಚೆಲ್ಲಿದ ಗ್ರೇವಿಯನ್ನು ಬಟ್ಟೆಯಿಂದ ಒರೆಸಿದಳು. "ನಾಳೆ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡ್ತೀನಿ. ನೀನೂ ಬಾ. ಅಲ್ಲಿ ನನ್ನ ಪರವಾಗಿ ಒಂದು ಸುಳ್ಳೂ ಹೇಳಕೂಡದು."

"ಹೇಳಲ್ಲ."

"ಈಗ ಕೂತ್ಕೋ. ಹೇಝೆಲ್ ವಿಷಯ ಹೇಳು."

ಅವನು ಬೆಚ್ಚಿ ತಿರುಗಿದ. ಕಣ್ಣು ಕೆಂಪಾಗಿತ್ತು. "ಥೆಲ್ಮಾ..."

"ನಿನಗೆ ನೆನಪಿರೋದೆಲ್ಲ ಹೇಳು. ಇಷ್ಟು ದಿನ ನನಗೆ ನೆನಪಾಗದ ಹಾಗೆ ನೋಡ್ಕೊಂಡೆ. ಇನ್ಮೇಲೆ ಮರೆಯದ ಹಾಗೆ ನೋಡ್ಕೋ."

ವಿಲ್ಫ್ ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡು ಅವಳ ಎದುರಿಗೆ ಕೂತ. ಎಲ್ಲಿಂದ ಶುರು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ.

"ಅವಳಿಗೆ ಬಟಾಣಿ ಕಂಡ್ರೆ ಆಗ್ತಿರ್ಲಿಲ್ಲ," ಎಂದ. "ಒಂದೊಂದೇ ಆರಿಸಿ ನನ್ನ ತಟ್ಟೆಗೆ ಹಾಕ್ತಿದ್ಲು."